ರಿಜಿಸ್ಟರ್ಡ್ ನರ್ಸ್ ಎಂಬ ಒಂದೇ ಕಾರಣಕ್ಕೆ ಓವರ್‌ಟೈಮ್ ಇಲ್ಲವೆನ್ನಬಹುದೇ?

ಹಾಸನದ ಸಿಸ್ಟರ್, ಒಹಾಯೋ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಬೆಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಅಲ್ಲಿಯೇ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಬರೆದು, ಇಬಿ-3 ಎಂಬ ಉದ್ಯೋಗ ವರ್ಗದಲ್ಲಿ ಗ್ರೀನ್ ಕಾರ್ಡ್ ಪಡೆದು ಒಹಾಯೋಗೆ ಬಂದು ಐದು ವರ್ಷ ದಾಟಿತು. ಮೊದಲ ಮೂರು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಗಂಟೆ ಲೆಕ್ಕದ ಸಂಬಳಕ್ಕೆ ದುಡಿದೆ. ಮಗಳು ಹುಟ್ಟಿದ ಮೇಲೆ ರಾತ್ರಿ ಪಾಳಿ ಮಾಡಲಾಗದೆ, ರೋಗಿಗಳ ಮನೆಗೇ ಹೋಗಿ ಶುಶ್ರೂಷೆ ಮಾಡುವ ಹೋಮ್ ಹೆಲ್ತ್ ಸಂಸ್ಥೆಯೊಂದನ್ನು ಸೇರಿಕೊಂಡೆ. ಅಲ್ಲಿಗೆ ಸೇರಿ ಈಗ ಎರಡು ವರ್ಷ ಎರಡು ತಿಂಗಳಾಗಿದೆ.

ಇಲ್ಲಿ ಸಂಬಳದ ಕ್ರಮವೇ ಬೇರೆ. ಒಂದು ವಿಸಿಟ್‌ಗೆ 70 ಡಾಲರ್ ಕೊಡುತ್ತಾರೆ. ಮೀಟಿಂಗ್, ಟ್ರೈನಿಂಗ್, ಕೇಸ್ ಕಾನ್ಫರೆನ್ಸ್‌ಗಳಿಗೆ ಗಂಟೆಗೆ 30 ಡಾಲರಿನಂತೆ ಬೇರೆಯಾಗಿ ಕೊಡುತ್ತಾರೆ. ವಾರಕ್ಕೆ ಹೆಚ್ಚುಕಡಿಮೆ 24 ವಿಸಿಟ್, ನಾಲ್ಕು ಗಂಟೆ ಮೀಟಿಂಗ್, ಒಟ್ಟು 1,800 ಡಾಲರ್ ಬರುತ್ತದೆ. ಆದರೆ ವಿಸಿಟ್ ಎಂದರೆ ರೋಗಿಯ ಮನೆಯಲ್ಲಿ ಕಳೆದ ಸಮಯ ಮಾತ್ರವಲ್ಲ ಎಂಬುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಹೊಸ ರೋಗಿಯನ್ನು ದಾಖಲಿಸಿಕೊಂಡ ದಿನ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಕೇಳುವ ಓಯಾಸಿಸ್ ಫಾರಂ ಒಂದನ್ನೇ ತುಂಬಲು ಎರಡು ಗಂಟೆ ಬೇಕಾಗುತ್ತದೆ. ಮಗಳು ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಕ್ಕದಲ್ಲಿ ಆರಿಹೋದ ಕಾಫಿಯೊಂದಿಗೆ ರಾತ್ರಿ ಹನ್ನೊಂದರವರೆಗೆ ಚಾರ್ಟಿಂಗ್ (ರೋಗಿಗಳ ದಾಖಲೆ ಬರೆಯುವ ಕೆಲಸ) ಮುಗಿಸುವುದು ವಾರದಲ್ಲಿ ನಾಲ್ಕು ದಿನ ತಪ್ಪಿದ್ದಲ್ಲ. ಒಬ್ಬ ರೋಗಿಯ ಮನೆಯಿಂದ ಇನ್ನೊಬ್ಬರ ಮನೆಗೆ ಕಾರಿನಲ್ಲಿ ಓಡಾಡುವ ಹೊತ್ತನ್ನೂ ಸೇರಿಸಿ ಕಳೆದ ತಿಂಗಳು ಪ್ರಾಮಾಣಿಕವಾಗಿ ಲೆಕ್ಕ ಹಾಕಿದಾಗ ವಾರಕ್ಕೆ 50 ಗಂಟೆಯಾಯಿತು. ಪೇ ಸ್ಟಬ್‌ನಲ್ಲಿ (ಸಂಬಳದ ಚೀಟಿಯಲ್ಲಿ) ಮಾತ್ರ ಗಂಟೆಗಳ ಸಾಲಿನಲ್ಲಿ 4.00 ಎಂದಷ್ಟೇ ಇದೆ.

ಎಚ್‌ಆರ್‌ನವರನ್ನು ಕೇಳಿದಾಗ, "ನೀವು ರಿಜಿಸ್ಟರ್ಡ್ ನರ್ಸ್, ಕಾನೂನಿನ ಪ್ರಕಾರ ಪ್ರೊಫೆಷನಲ್, ಆದ್ದರಿಂದ ನೀವು ಎಕ್ಸೆಂಪ್ಟ್, ಓವರ್‌ಟೈಮ್ ನಿಮಗೆ ಅನ್ವಯಿಸುವುದಿಲ್ಲ" ಎಂದರು. ವಾರ್ಡಿನಲ್ಲಿದ್ದಾಗಲೂ ನಾನು ಇದೇ ಲೈಸೆನ್ಸಿನ ನರ್ಸೇ ಆಗಿದ್ದೆ, ಆಗ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಬರುತ್ತಿತ್ತು. ಹಾಗಿದ್ದರೆ ಬದಲಾಗಿದ್ದು ಏನು? ಬಲ್ಲವರು ದಯವಿಟ್ಟು ತಿಳಿಸಿ.

ನಿವೃತ್ತ ಪೇರೋಲ್, ಇಲಿನಾಯ್

ನಮಸ್ಕಾರ ತಂಗಿ. ನಾನು ಆಸ್ಪತ್ರೆಗಳ ಪೇರೋಲ್ ವಿಭಾಗದಲ್ಲಿ 22 ವರ್ಷ ಕೆಲಸ ಮಾಡಿ ನಿವೃತ್ತನಾದವನು, ವಕೀಲನಲ್ಲ. ಆದರೆ ಈ ಒಂದು ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಮತ್ತೆ ಮತ್ತೆ ಸುಮ್ಮನಾಗುವುದನ್ನು ಕಂಡು ನೊಂದಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ಎಚ್‌ಆರ್ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ಅವರು ಹೇಳಲೇ ಇಲ್ಲ.

ಅಮೆರಿಕದಲ್ಲಿ ಕನಿಷ್ಠ ವೇತನ ಮತ್ತು ಓವರ್‌ಟೈಮ್ ಎರಡಕ್ಕೂ ಆಧಾರವಾಗಿರುವುದು 1938ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್. ಅದರ 6ನೇ ಸೆಕ್ಷನ್ ಕನಿಷ್ಠ ವೇತನವನ್ನೂ, 7ನೇ ಸೆಕ್ಷನ್ ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿಯನ್ನೂ ಹೇಳುತ್ತವೆ. ಆಸ್ಪತ್ರೆ ಮತ್ತು ನರ್ಸಿಂಗ್ ಹೋಂಗಳ ಕೆಲಸಗಾರರು ವ್ಯಾಪಕವಾಗಿ ಈ ಕಾನೂನಿನ ವ್ಯಾಪ್ತಿಗೆ ಬಂದದ್ದು 1966ರ ತಿದ್ದುಪಡಿಯ ನಂತರ. ಅದೇ ಕಾನೂನಿನ 13(ಎ)(1) ಸೆಕ್ಷನ್, ಅಧಿಕಾರಿ, ಆಡಳಿತಗಾರ ಮತ್ತು ವೃತ್ತಿಪರ ಎಂಬ ಮೂರು ಬಗೆಯ ನೌಕರರನ್ನು ಈ ಎರಡೂ ರಕ್ಷಣೆಗಳಿಂದ ಹೊರಗಿಡುತ್ತದೆ. ಇದನ್ನೇ ಎಕ್ಸೆಂಪ್ಷನ್, ಕನ್ನಡದಲ್ಲಿ ವಿನಾಯಿತಿ ಎನ್ನುತ್ತೇವೆ. ಈ ಪದವೇ ನಮ್ಮವರನ್ನು ದಾರಿ ತಪ್ಪಿಸುತ್ತದೆ ಎಂದು ನನಗೆ ಅನ್ನಿಸಿದೆ, ಏಕೆಂದರೆ ತೆರಿಗೆ ವಿನಾಯಿತಿ, ಶುಲ್ಕ ವಿನಾಯಿತಿ ಎಂದು ಕೇಳಿ ಬೆಳೆದ ನಮಗೆ ವಿನಾಯಿತಿ ಎಂದರೆ ನಮಗೆ ಸಿಕ್ಕ ಅನುಕೂಲವೆಂದೇ ತೋರುತ್ತದೆ. ಇಲ್ಲಿ ವಿನಾಯಿತಿ ಸಿಕ್ಕಿರುವುದು ಕೆಲಸ ಕೊಟ್ಟವರಿಗೆ.

ಈ ವಿನಾಯಿತಿಯ ಷರತ್ತುಗಳನ್ನು ಕಾರ್ಮಿಕ ಇಲಾಖೆಯ ನಿಯಮಗಳ 541ನೇ ಭಾಗ ಹೇಳುತ್ತದೆ. ಮೂರು ಷರತ್ತುಗಳಿವೆ, ಮೂರೂ ಒಟ್ಟಿಗೆ ಪೂರೈಸಬೇಕು. ಮೊದಲನೆಯದು ಕೆಲಸದ ಸ್ವರೂಪ. ರಾಜ್ಯದ ಮಂಡಳಿಯಲ್ಲಿ ನೋಂದಾಯಿತರಾದ ಆರ್‌ಎನ್‌ಗಳು (ರಿಜಿಸ್ಟರ್ಡ್ ನರ್ಸ್‌ಗಳು) ಸಾಮಾನ್ಯವಾಗಿ ಈ ಷರತ್ತನ್ನು ಪೂರೈಸುತ್ತಾರೆ ಎಂದು 541.301 ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ, ನಿಮ್ಮ ಎಚ್‌ಆರ್ ಹಿಡಿದುಕೊಂಡಿರುವುದು ಈ ಒಂದು ವಾಕ್ಯವನ್ನು. ಎರಡನೆಯದು ಸಂಬಳದ ಮೊತ್ತ. ಮೂರನೆಯದೇ ಮುಖ್ಯವಾದದ್ದು: ಕೊಡುವುದು ನಿಜವಾದ ಸಂಬಳವಾಗಿರಬೇಕು, ಅಂದರೆ ವಾರದಲ್ಲಿ ಎಷ್ಟು ಗಂಟೆ ದುಡಿದಿರಿ ಎಂಬುದನ್ನು ಅವಲಂಬಿಸದೆ ಮೊದಲೇ ಗೊತ್ತುಪಡಿಸಿದ ಮೊತ್ತ ಪೂರ್ತಿಯಾಗಿ ಕೈಸೇರಬೇಕು. ಗಂಟೆ ಲೆಕ್ಕದ ಕೂಲಿ ಪಡೆಯುವ ಆರ್‌ಎನ್ ಎಷ್ಟೇ ಓದಿದ್ದರೂ, ಎಷ್ಟೇ ಗಳಿಸಿದರೂ ಓವರ್‌ಟೈಮ್‌ಗೆ ಅರ್ಹಳು. ನೀವು ವಾರ್ಡಿನಲ್ಲಿದ್ದಾಗ ಒಂದೂವರೆ ಪಟ್ಟು ಬರುತ್ತಿದ್ದುದು ಈ ಕಾರಣದಿಂದಲೇ. ಆಗಲೂ ನೀವು ಪ್ರೊಫೆಷನಲ್ಲೇ ಆಗಿದ್ದಿರಿ.

ಹೆಚ್ಚು ಗಳಿಸುವವರಿಗೆ ಈ ವಾದ ನಡೆಯುವುದಿಲ್ಲವೆಂದು ಯಾರಾದರೂ ಹೇಳಿದರೆ, 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಹೆಲಿಕ್ಸ್ ತೀರ್ಪನ್ನು ನೆನಪಿಸಿ. ಸಮುದ್ರದ ತೈಲ ಘಟಕದಲ್ಲಿ ವರ್ಷಕ್ಕೆ ಎರಡು ಲಕ್ಷ ಡಾಲರಿಗಿಂತ ಹೆಚ್ಚು ಗಳಿಸುತ್ತಿದ್ದ ಮೇಲ್ವಿಚಾರಕರೊಬ್ಬರಿಗೆ ದಿನಗೂಲಿ ಲೆಕ್ಕದಲ್ಲಿ ಕೊಡುತ್ತಿದ್ದರು. ದಿನಗೂಲಿ ಸಂಬಳವಲ್ಲ, ಆದ್ದರಿಂದ ಅವರಿಗೂ ಓವರ್‌ಟೈಮ್ ಸಲ್ಲಬೇಕೆಂದು ನ್ಯಾಯಾಲಯ ಹೇಳಿತು.

ವೈದ್ಯರ ವಿಷಯ ಬೇರೆ. ವೈದ್ಯರು, ವಕೀಲರು ಮತ್ತು ಶಿಕ್ಷಕರಿಗೆ ಸಂಬಳದ ಷರತ್ತುಗಳೇ ಇಲ್ಲ, ಆದ್ದರಿಂದ ರೆಸಿಡೆನ್ಸಿ ಮಾಡುತ್ತಿರುವ ನಮ್ಮ ಹುಡುಗರು ವಾರಕ್ಕೆ 80 ಗಂಟೆ ದುಡಿದರೂ ಓವರ್‌ಟೈಮ್ ಕೇಳುವಂತಿಲ್ಲ. ನರ್ಸ್‌ಗಳನ್ನು ಆ ಗುಂಪಿಗೆ ಸೇರಿಸಿಲ್ಲ.

ರಾತ್ರಿ ಪಾಳಿ, ನ್ಯೂಯಾರ್ಕ್

ಸರ್, ತುಂಬಾ ಉಪಯುಕ್ತವಾದ ವಿವರಣೆ. ಸಂಬಳದ ಮೊತ್ತ ಎಂದಿರಲ್ಲ, ಅದು ಈಗ ಎಷ್ಟು? ನಮ್ಮ ಸಹೋದ್ಯೋಗಿಯೊಬ್ಬರು ವಾರಕ್ಕೆ 1,128 ಡಾಲರ್ ಎನ್ನುತ್ತಿದ್ದರು.

ನಿವೃತ್ತ ಪೇರೋಲ್, ಇಲಿನಾಯ್

ಆ ಅಂಕಿ ಜಾರಿಗೆ ಬರಲೇ ಇಲ್ಲ. 2004ರಿಂದ ವಾರಕ್ಕೆ 455 ಡಾಲರ್ ಇತ್ತು, 2020ರ ಜನವರಿ 1ರಿಂದ 684 ಆಯಿತು. 2024ರ ಜುಲೈ 1ರಂದು ಅದನ್ನು 844ಕ್ಕೆ ಏರಿಸಿದರು, 2025ರ ಜನವರಿ 1ರಿಂದ 1,128 ಆಗಬೇಕಿತ್ತು. 2024ರ ನವೆಂಬರ್ 15ರಂದು ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಆ ಇಡೀ ನಿಯಮವನ್ನೇ ರದ್ದು ಮಾಡಿದ್ದರಿಂದ ಮತ್ತೆ 684ಕ್ಕೇ ಬಂದು ನಿಂತಿದೆ. ವರ್ಷಕ್ಕೆ 35,568 ಡಾಲರ್. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂತಹ ಕೆಲವು ರಾಜ್ಯಗಳು ತಮ್ಮದೇ ಆದ ನಿಯಮಗಳನ್ನು ಇಟ್ಟುಕೊಂಡಿವೆ.

ಈ ಮೊತ್ತ ಎಷ್ಟು ಚಿಕ್ಕದು ಎಂಬುದನ್ನು ಗಮನಿಸಿ. ವಾರಕ್ಕೆ 684 ಡಾಲರ್ ಸಂಬಳ ಕೊಟ್ಟು 60 ಗಂಟೆ ದುಡಿಸಿಕೊಂಡರೆ ಗಂಟೆಗೆ 11 ಡಾಲರ್ 40 ಸೆಂಟ್ ಬೀಳುತ್ತದೆ. ವಿನಾಯಿತಿ ಕನಿಷ್ಠ ವೇತನಕ್ಕೂ ಅನ್ವಯಿಸುವುದರಿಂದ, 95 ಗಂಟೆ ದುಡಿಸಿಕೊಂಡು 2009ರಿಂದ ಅಲುಗಾಡದೆ ನಿಂತಿರುವ ಫೆಡರಲ್ ಕನಿಷ್ಠ ವೇತನ 7 ಡಾಲರ್ 25 ಸೆಂಟ್‌ಗಿಂತ ಕೆಳಗೆ ಹೋದರೂ ಈ ಕಾನೂನಿನಲ್ಲಿ ಕೇಳುವವರಿಲ್ಲ.

ಹಾಸನದ ಸಿಸ್ಟರ್, ಒಹಾಯೋ

ಸರ್, ನನ್ನದು ಗಂಟೆ ಲೆಕ್ಕವೂ ಅಲ್ಲ, ತಿಂಗಳ ಸಂಬಳವೂ ಅಲ್ಲ. ವಿಸಿಟ್ ಲೆಕ್ಕಕ್ಕೆ "ಫೀ" ಎಂಬ ಬೇರೆಯೇ ನಿಯಮವಿದೆ, ಅದೂ ಸಂಬಳಕ್ಕೆ ಸಮಾನ ಎಂದು ಎಚ್‌ಆರ್ ಈ ದಿನ ಮೇಲ್ ಕಳಿಸಿದ್ದಾರೆ. ಅದು ನಿಜವೇ?

ನಿವೃತ್ತ ಪೇರೋಲ್, ಇಲಿನಾಯ್

ನಿಜ ತಂಗಿ, ಆ ನಿಯಮ ಇದೆ, 541.605. ಒಂದು ಕೆಲಸಕ್ಕೆ ಎಷ್ಟೇ ಹೊತ್ತು ಹಿಡಿದರೂ ಗೊತ್ತುಪಡಿಸಿದ ಒಂದೇ ಮೊತ್ತ ಕೊಡುವುದಾದರೆ ಅದನ್ನು ಫೀ ಎನ್ನಬಹುದು, ವೃತ್ತಿಪರರಿಗೆ ಅದು ಸಂಬಳಕ್ಕೆ ಸಮನಾಗುತ್ತದೆ. ಹೋಮ್ ಹೆಲ್ತ್ ನರ್ಸ್‌ಗಳ ವಿಸಿಟ್ ದರ ಹೀಗೆ ಫೀ ಆಗಬಲ್ಲದು ಎಂದು ನಿಮ್ಮ ಒಹಾಯೋ ಸೇರಿರುವ ಸಿಕ್ಸ್ತ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವೇ 2000ದ ಫಜೆಕಸ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಎಚ್‌ಆರ್ ಈ ತೀರ್ಪಿನವರೆಗೆ ಬಂದು ನಿಂತಿದ್ದಾರೆ.

ಆದರೆ ಎರಡೇ ವರ್ಷಗಳ ನಂತರ, 2002ರಲ್ಲಿ, ಅದೇ ನ್ಯಾಯಾಲಯದ ಮುಂದೆ ಎಲ್ವೆಲ್ ಪ್ರಕರಣ ಬಂತು. ಅದೂ ಒಹಾಯೋದ ಹೋಮ್ ಹೆಲ್ತ್ ನರ್ಸ್ ಒಬ್ಬರದೇ. ಅವರಿಗೂ ವಿಸಿಟ್‌ಗೆ ಇಷ್ಟು ಎಂದು ಒಂದು ಭಾಗ, ಮೀಟಿಂಗ್ ಮುಂತಾದ ಬೇರೆ ಕೆಲಸಗಳಿಗೆ ಗಂಟೆ ಲೆಕ್ಕದಲ್ಲಿ ಇನ್ನೊಂದು ಭಾಗ ಕೊಡುತ್ತಿದ್ದರು. ಸಂಬಳದ ಒಂದು ಭಾಗ ಗಂಟೆಗಳಿಗೆ ಅಂಟಿಕೊಂಡಿರುವಾಗ ಇಡೀ ವ್ಯವಸ್ಥೆಯನ್ನು ಫೀ ಎನ್ನಲಾಗದು, ಸಂಬಳವೂ ಎನ್ನಲಾಗದು, ಆದ್ದರಿಂದ ವಿನಾಯಿತಿ ಸಿಗದು ಎಂದು ನ್ಯಾಯಾಲಯ ತೀರ್ಮಾನಿಸಿತು. ನಿಮ್ಮ ಪೇ ಸ್ಟಬ್‌ನಲ್ಲಿರುವ ಆ 4.00 ಎಂಬ ಅಂಕಿಯನ್ನು ಇನ್ನೊಮ್ಮೆ ನೋಡಿ. ನಿಮ್ಮ ಗಂಟೆಗಳನ್ನೆಲ್ಲ ಮರೆಮಾಚಿದಂತೆ ನಿಮಗೆ ಕಾಣುತ್ತಿರುವ ಆ ಸಾಲೇ ಈ ವಾದದಲ್ಲಿ ನಿಮ್ಮ ಪರವಾಗಿ ನಿಲ್ಲುವ ಸಾಕ್ಷಿ.

ಡೇಟನ್ ಅಣ್ಣ

ಹಾಗಾದರೆ ಸಿಸ್ಟರ್‌ಗೆ ಬರಬೇಕಾದ ಹಣ ದೊಡ್ಡದೇ ಆಯಿತು. 1,800 ಡಾಲರನ್ನು 50 ಗಂಟೆಯಿಂದ ಭಾಗಿಸಿದರೆ ಗಂಟೆಗೆ 36 ಡಾಲರ್. ಅದರ ಒಂದೂವರೆ ಪಟ್ಟು 54. ಹತ್ತು ಗಂಟೆಗೆ ವಾರಕ್ಕೆ 540 ಡಾಲರ್.

ನಿವೃತ್ತ ಪೇರೋಲ್, ಇಲಿನಾಯ್

ಅಷ್ಟು ಬರುವುದಿಲ್ಲ, ಮತ್ತು ಆಸೆ ಹುಟ್ಟಿಸಿ ನಿರಾಶೆ ಮಾಡಬಾರದೆಂದು ಕೂಡಲೇ ಬರೆಯುತ್ತಿದ್ದೇನೆ. ವಿಸಿಟ್ ದರವು ಆ ವಿಸಿಟ್‌ಗೆ ಸೇರಿದ ಪ್ರಯಾಣ, ಚಾರ್ಟಿಂಗ್ ಎಲ್ಲವನ್ನೂ ಒಳಗೊಂಡಿದೆ ಎಂಬ ಒಪ್ಪಂದವಿದ್ದರೆ, ಆ 50 ಗಂಟೆಗಳಿಗೂ ಒಂದು ಪಟ್ಟು ಕೂಲಿ ಆಗಲೇ ಸಂದಿದೆ ಎಂದು ಲೆಕ್ಕ. ಬಾಕಿ ಇರುವುದು 40 ಮೀರಿದ ಹತ್ತು ಗಂಟೆಗಳ ಅರ್ಧ ಪಟ್ಟು ಮಾತ್ರ. 36ರ ಅರ್ಧ 18, ಹತ್ತು ಗಂಟೆಗೆ ವಾರಕ್ಕೆ 180 ಡಾಲರ್. ವರ್ಷಕ್ಕೆ 50 ವಾರ ಹಿಡಿದರೆ 9,000, ಎರಡು ವರ್ಷಕ್ಕೆ 18,000 ಡಾಲರ್. ಮಾಲೀಕರು ತಾವು ಒಳ್ಳೆಯ ನಂಬಿಕೆಯಿಂದ, ಸಕಾರಣವಾಗಿ ನಡೆದುಕೊಂಡೆವೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡದಿದ್ದರೆ, ಅಷ್ಟೇ ಮೊತ್ತವನ್ನು ಪರಿಹಾರವಾಗಿ ಮತ್ತೊಮ್ಮೆ ಕೊಡಬೇಕಾಗುತ್ತದೆ. ಚಾರ್ಟಿಂಗ್ ವಿಸಿಟ್ ದರದಲ್ಲಿ ಸೇರಿಯೇ ಇಲ್ಲ ಎನ್ನುವಂತೆ ನಿಮ್ಮ ಒಪ್ಪಂದ ಪತ್ರ ಇದ್ದರೆ ಲೆಕ್ಕ ಬದಲಾಗುತ್ತದೆ, ಅದನ್ನು ವಕೀಲರಿಗೆ ತೋರಿಸಿ.

ಪ್ರಯಾಣದ ಬಗ್ಗೆ ಒಂದು ಮಾತು. ಒಬ್ಬ ರೋಗಿಯ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ಹೊತ್ತು ಕೆಲಸದ ಹೊತ್ತೇ. ಬೆಳಿಗ್ಗೆ ನಿಮ್ಮ ಮನೆಯಿಂದ ಮೊದಲ ರೋಗಿಯ ಮನೆಗೆ, ಸಂಜೆ ಕೊನೆಯ ರೋಗಿಯ ಮನೆಯಿಂದ ನಿಮ್ಮ ಮನೆಗೆ ಹೋಗುವ ಹೊತ್ತು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ 50ರಲ್ಲಿ ಅದು ಸೇರಿದ್ದರೆ ತೆಗೆದುಬಿಡಿ, ನಮ್ಮ ಲೆಕ್ಕ ನಿಷ್ಠುರವಾಗಿದ್ದಷ್ಟೂ ನಮ್ಮ ಮಾತಿಗೆ ತೂಕ.

ಹಾಸನದ ಸಿಸ್ಟರ್, ಒಹಾಯೋ

ಅದನ್ನು ನಾನು ಸೇರಿಸಿಲ್ಲ ಸರ್. ಆದರೆ ನನ್ನ ಬಳಿ ಎರಡು ವರ್ಷದ ಗಂಟೆಗಳ ಪುಸ್ತಕವೇನೂ ಇಲ್ಲ. ಸಂಸ್ಥೆಯೂ ಬರೆದಿಟ್ಟಿಲ್ಲ. ಇಲ್ಲದ ಲೆಕ್ಕವನ್ನು ಹೇಗೆ ತೋರಿಸಲಿ?

ರಾತ್ರಿ ಪಾಳಿ, ನ್ಯೂಯಾರ್ಕ್

ಸಿಸ್ಟರ್, ಗಂಟೆಗಳನ್ನು ಬರೆದಿಡುವುದು ಮಾಲೀಕರ ಕರ್ತವ್ಯ. ಅವರು ಬರೆದಿಡದಿದ್ದಾಗ ಕೆಲಸಗಾರನು ತನ್ನ ನೆನಪು ಮತ್ತು ಸಿಕ್ಕ ದಾಖಲೆಗಳಿಂದ ನ್ಯಾಯಸಮ್ಮತವಾದ ಅಂದಾಜನ್ನು ಕೊಟ್ಟರೆ ಸಾಕು, ಅದನ್ನು ಸುಳ್ಳೆಂದು ತೋರಿಸುವ ಹೊಣೆ ಮಾಲೀಕರದು ಎಂದು ಸುಪ್ರೀಂ ಕೋರ್ಟ್ 1946ರಷ್ಟು ಹಿಂದೆಯೇ ಮೌಂಟ್ ಕ್ಲೆಮೆನ್ಸ್ ಕುಂಬಾರಿಕೆ ಕಾರ್ಖಾನೆಯ ಪ್ರಕರಣದಲ್ಲಿ ಹೇಳಿದೆ. ನೀವು ಪ್ರತಿ ಚಾರ್ಟ್‌ಗೆ ಸಹಿ ಹಾಕಿದ ಗಂಟೆ, ನಿಮಿಷ ಅವರ ಸಿಸ್ಟಂನಲ್ಲೇ ಇದೆ. ರಾತ್ರಿ 10.47ಕ್ಕೆ ಸಹಿ ಬಿದ್ದಿದ್ದರೆ ಆ ಹೊತ್ತಿನಲ್ಲಿ ನೀವು ಕೆಲಸ ಮಾಡುತ್ತಿದ್ದಿರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಒಂದು ಎಚ್ಚರಿಕೆ: ರೋಗಿಯ ಹೆಸರು, ವಿಳಾಸ, ಚಾರ್ಟಿನ ಫೋಟೊ ಯಾವುದನ್ನೂ ನಿಮ್ಮ ಫೋನಿಗೆ ಇಳಿಸಿಕೊಳ್ಳಬೇಡಿ. ರೋಗಿಗಳ ಮಾಹಿತಿಯ ಗೋಪ್ಯತೆ ಕಾಯುವ ಹಿಪಾ ಕಾನೂನಿನ ಉಲ್ಲಂಘನೆ ಎಂಬ ಆರೋಪಕ್ಕೆ ನಾವೇ ಅವಕಾಶ ಕೊಟ್ಟಂತಾಗುತ್ತದೆ. ದಿನಾಂಕ, ಆರಂಭಿಸಿದ ಹೊತ್ತು, ಮುಗಿಸಿದ ಹೊತ್ತು, ಎಷ್ಟು ವಿಸಿಟ್, ಎಷ್ಟು ಮೈಲಿ, ಇಷ್ಟನ್ನೇ ಒಂದು ನೋಟ್‌ಬುಕ್ಕಿನಲ್ಲಿ ಈ ದಿನದಿಂದಲೇ ಬರೆಯಲು ಶುರು ಮಾಡಿ.

ನನ್ನದೇ ಒಂದು ಸಂಕಟವನ್ನೂ ಹೇಳುತ್ತೇನೆ. ನಾನು ಐಸಿಯುನಲ್ಲಿ ವಾರಕ್ಕೆ ಮೂರು ದಿನ ಹನ್ನೆರಡು ಗಂಟೆಯ ಪಾಳಿ ಮಾಡುತ್ತೇನೆ. ಊಟಕ್ಕೆಂದು ಪ್ರತಿ ಪಾಳಿಯಲ್ಲೂ ಅರ್ಧ ಗಂಟೆ ತಾನಾಗಿಯೇ ಕಡಿತವಾಗುತ್ತದೆ. ವೆಂಟಿಲೇಟರಿನಲ್ಲಿರುವ ರೋಗಿಯನ್ನು ಬಿಟ್ಟು ಊಟಕ್ಕೆ ಹೋಗುವುದು ಎಷ್ಟು ದಿನ ಸಾಧ್ಯವೆಂದು ನಿಮಗೆಲ್ಲ ಗೊತ್ತು. ಡಬ್ಬಿಯನ್ನು ನರ್ಸಿಂಗ್ ಸ್ಟೇಷನ್ನಿನಲ್ಲೇ ತೆರೆದಿಟ್ಟು ಎರಡು ತುತ್ತು ತಿನ್ನುವಷ್ಟರಲ್ಲಿ ಅಲಾರಂ ಹೊಡೆದುಕೊಳ್ಳುತ್ತದೆ. ಅಲ್ಲಿಗೆ ಮೊಸರನ್ನ ಬೆಳಗಿನ ತನಕ ಹಾಗೆಯೇ ಉಳಿಯುತ್ತದೆ. ಇದಕ್ಕೆ ಏನಾದರೂ ದಾರಿ ಇದೆಯೇ ಸರ್?

ನಿವೃತ್ತ ಪೇರೋಲ್, ಇಲಿನಾಯ್

ಕೆಲಸದಿಂದ ಪೂರ್ತಿ ಬಿಡುವು ಸಿಕ್ಕ ಊಟದ ಹೊತ್ತನ್ನು ಮಾತ್ರ ಕಡಿತ ಮಾಡಬಹುದು ಎಂದು 785.19 ನಿಯಮ ಹೇಳುತ್ತದೆ. ಡಬ್ಬಿಯ ಮುಂದೆ ಕುಳಿತು ಮಾನಿಟರ್ ನೋಡುವುದು ಬಿಡುವಲ್ಲ. ಆದರೆ ನಿಮ್ಮ ಲೆಕ್ಕದಲ್ಲಿ ಒಂದು ತೊಡಕಿದೆ ತಂಗಿ. ಮೂರು ಪಾಳಿಗೆ ಕೂಲಿ ಸಿಗುವುದು 36 ಗಂಟೆಗೆ ಎಂದೇ ಹಿಡಿಯೋಣ. ಕಡಿತವಾದ ಒಂದೂವರೆ ಗಂಟೆಯನ್ನು ಸೇರಿಸಿದರೂ 37.5 ಆಗುತ್ತದೆ, 40 ದಾಟುವುದಿಲ್ಲ. 40ರ ಒಳಗಿನ ಇಂತಹ ಬಾಕಿ ಗಂಟೆಗಳನ್ನು ಫೆಡರಲ್ ಕಾನೂನಿನಡಿ ಕೇಳುವಂತಿಲ್ಲ ಎಂದು ನಿಮ್ಮ ನ್ಯೂಯಾರ್ಕ್ ಸೇರಿರುವ ಸೆಕೆಂಡ್ ಸರ್ಕ್ಯೂಟ್ 2013ರ ಲಂಡಿ ಪ್ರಕರಣದಲ್ಲಿ ಹೇಳಿದೆ, ಅದೂ ಆಸ್ಪತ್ರೆಯವರ ಪ್ರಕರಣವೇ. ನೀವು ನಾಲ್ಕನೇ ಪಾಳಿ ಮಾಡಿದ ವಾರಗಳಿಗೆ ಮಾತ್ರ ಫೆಡರಲ್ ದಾರಿ ತೆರೆದಿರುತ್ತದೆ. ಉಳಿದ ವಾರಗಳಿಗೆ ರಾಜ್ಯದ ಕಾನೂನನ್ನೂ, ಯೂನಿಯನ್ ಒಪ್ಪಂದವನ್ನೂ ನೋಡಬೇಕು.

ಊಟ ತಪ್ಪಿದ ಪ್ರತಿ ದಿನವೂ ಅದನ್ನು ಆಸ್ಪತ್ರೆಯ ಪುಸ್ತಕದಲ್ಲಿ ಬರೆಯಿರಿ. ತುರ್ತು ವಿಭಾಗದ ನರ್ಸ್ ಒಬ್ಬರು 2012ರಲ್ಲಿ ಸಿಕ್ಸ್ತ್ ಸರ್ಕ್ಯೂಟ್‌ನಲ್ಲಿ ಸೋತದ್ದು ಇದೇ ಕಾರಣಕ್ಕೆ: ಊಟ ತಪ್ಪಿದಾಗ ಬರೆಯಲು ಪುಸ್ತಕವಿತ್ತು, ಬರೆದಾಗಲೆಲ್ಲ ಹಣ ಸಂದಿತ್ತು, ನಂತರ ಅವರು ಬರೆಯುವುದನ್ನೇ ನಿಲ್ಲಿಸಿದ್ದರು. ಮಾಲೀಕರಿಗೆ ತಿಳಿಯದಂತೆ ಮಾಡಿದ ಕೆಲಸಕ್ಕೆ ಕೂಲಿ ಕೇಳಲಾಗದು ಎಂದು ನ್ಯಾಯಾಲಯ ಹೇಳಿತು. ಚಾರ್ಜ್ ನರ್ಸ್ ಮುಖ ಸಿಂಡರಿಸಿದರೂ ಬರೆಯಿರಿ.

ಬೇ ಏರಿಯಾ ಅಕ್ಕ

ಕ್ಯಾಲಿಫೋರ್ನಿಯಾದಲ್ಲಿರುವವರಿಗಾಗಿ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಇಲ್ಲಿ ಕಾನೂನು ಬೇರೆ ದಾರಿ ಹಿಡಿದಿದೆ. ಆರ್‌ಎನ್‌ಗಳನ್ನು ವೃತ್ತಿಪರ ಎಂಬ ಕಾರಣಕ್ಕೆ ಹೊರಗಿಡುವಂತಿಲ್ಲ ಎಂದು ಇಲ್ಲಿನ ಲೇಬರ್ ಕೋಡ್‌ನ 515ನೇ ಸೆಕ್ಷನ್ ಹೆಸರೆತ್ತಿಯೇ ಹೇಳುತ್ತದೆ. ನರ್ಸ್ ಅನೆಸ್ತೆಟಿಸ್ಟ್, ನರ್ಸ್ ಮಿಡ್‌ವೈಫ್, ನರ್ಸ್ ಪ್ರಾಕ್ಟೀಷನರ್ ಮುಂತಾದ ಉನ್ನತ ಅರ್ಹತೆಯವರಿಗೆ ಮಾತ್ರ ಬೇರೆ ನಿಯಮ. ಇಲ್ಲಿ ವಾರದ 40 ಗಂಟೆಯ ಜೊತೆಗೆ ದಿನದ ಎಂಟು ಗಂಟೆಯ ಮಿತಿಯೂ ಇದೆ. ಹನ್ನೆರಡು ಗಂಟೆಯ ಪಾಳಿ ಬೇಕಾದರೆ ಆ ಘಟಕದ ನೌಕರರಲ್ಲಿ ಮೂರನೇ ಎರಡರಷ್ಟು ಮಂದಿ ಗುಪ್ತ ಮತದಾನದಲ್ಲಿ ಒಪ್ಪಬೇಕು, ಹಾಗೆ ಒಪ್ಪಿದ ಮೇಲೂ ಹನ್ನೆರಡು ದಾಟಿದರೆ ಎರಡು ಪಟ್ಟು. ನಾನು ಇಲ್ಲಿಗೆ ಬಂದ ಮೊದಲ ವರ್ಷ ಅಂತಹ ಮತದಾನದ ಚೀಟಿಯನ್ನು ಕೈಯಲ್ಲಿ ಹಿಡಿದಾಗ, ನಮ್ಮ ಪಾಳಿಯನ್ನು ನಮ್ಮನ್ನು ಕೇಳಿ ನಿಗದಿ ಮಾಡುತ್ತಾರೆ ಎಂಬುದೇ ನನಗೆ ಹೊಸದಾಗಿತ್ತು.

ಏಜೆನ್ಸಿಯ ಮೂಲಕ ಊರೂರಿಗೆ ಹೋಗಿ ತಾತ್ಕಾಲಿಕವಾಗಿ ದುಡಿಯುವ, ಅಂದರೆ ಟ್ರಾವೆಲ್ ನರ್ಸಿಂಗ್ ಮಾಡುವ ತಂಗಿಯರು ಇನ್ನೊಂದು ವಿಷಯ ತಿಳಿದಿರಬೇಕು. ಏಜೆನ್ಸಿಗಳು ಮೂಲ ಗಂಟೆ ದರವನ್ನು ಕಡಿಮೆ ಇಟ್ಟು, ಉಳಿದದ್ದನ್ನು ಪರ್ ಡೀಮ್ (ಊಟ, ವಸತಿಯ ದಿನಭತ್ಯೆ) ಎಂದು ಕೊಡುತ್ತವೆ. ಓವರ್‌ಟೈಮನ್ನು ಆ ಕಡಿಮೆ ದರದ ಮೇಲೆ ಲೆಕ್ಕ ಹಾಕುತ್ತವೆ. ದುಡಿದ ಗಂಟೆಗಳಿಗೆ ತಕ್ಕಂತೆ ಏರಿಳಿಯುವ ಪರ್ ಡೀಮ್ ನಿಜದಲ್ಲಿ ಕೂಲಿಯೇ, ಅದನ್ನು ಸೇರಿಸಿಯೇ ಓವರ್‌ಟೈಮ್ ದರ ಕಟ್ಟಬೇಕು ಎಂದು ನೈಂತ್ ಸರ್ಕ್ಯೂಟ್ 2021ರಲ್ಲಿ ಟ್ರಾವೆಲ್ ನರ್ಸ್‌ಗಳದೇ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ರಾತ್ರಿ ಪಾಳಿಯ ಹೆಚ್ಚುವರಿ ದರವನ್ನೂ ಹಾಗೆಯೇ ಸೇರಿಸಬೇಕು.

ಮಂಗಳೂರಿನಿಂದ

ನಾನು ಎನ್‌ಕ್ಲೆಕ್ಸ್ ಪಾಸಾಗಿ ವೀಸಾಕ್ಕೆ ಕಾಯುತ್ತಿರುವವಳು. ನನಗೆ ಬಂದಿರುವ ಆಫರ್ ಪತ್ರದಲ್ಲಿ "ಸ್ಯಾಲರೀಡ್, ಎಕ್ಸೆಂಪ್ಟ್" ಎಂದಿದೆ. ಇದುವರೆಗೆ ಅದನ್ನು ಗೌರವದ ಪದವೆಂದೇ ಓದಿಕೊಂಡಿದ್ದೆ. ಇಲ್ಲಿ ನಮ್ಮ ಅನುಭವ ಬೇರೆ. ನರ್ಸ್‌ಗಳ ಸಂಘವು ಹೂಡಿದ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಆದೇಶ ಕೊಟ್ಟು, ಅದರಂತೆ ರಚನೆಯಾದ ಸಮಿತಿಯು ಎಷ್ಟೇ ಚಿಕ್ಕ ಖಾಸಗಿ ಆಸ್ಪತ್ರೆಯಾದರೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿದ್ದರೂ, ಕೈಗೆ ಅಷ್ಟು ಬಾರದ ಗೆಳತಿಯರು ನನಗೆ ಬೇಕಾದಷ್ಟು ಮಂದಿ ಇದ್ದಾರೆ. ಮುಂದಿನ ಪಾಳಿಯವರು ಬಾರದಿದ್ದರೆ ಡಬಲ್ ಡ್ಯೂಟಿ ಮಾಡಿ ಸುಮ್ಮನಾಗುವುದು ನಮಗೆ ರೂಢಿಯಾಗಿದೆ. ಅಲ್ಲಿಗೆ ಬಂದ ಮೇಲೂ ಅದೇ ರೂಢಿಯಲ್ಲಿ ಸಹಿ ಹಾಕಬಾರದೆಂದು ಕೇಳುತ್ತಿದ್ದೇನೆ. ಆ ಪತ್ರಕ್ಕೆ ಸಹಿ ಮಾಡುವ ಮೊದಲು ಏನನ್ನು ವಿಚಾರಿಸಬೇಕು?

ನಿವೃತ್ತ ಪೇರೋಲ್, ಇಲಿನಾಯ್

ಮಗಳೇ, ನೀವು ಸಹಿಗೆ ಮೊದಲು ಕೇಳುತ್ತಿರುವುದೇ ದೊಡ್ಡ ಸಂತೋಷ. ವಾರಕ್ಕೆ ಎಷ್ಟು ಗಂಟೆಯ ಕೆಲಸಕ್ಕೆ ಈ ಸಂಬಳ, ಅದಕ್ಕಿಂತ ಹೆಚ್ಚಿನ ಪಾಳಿ ಮಾಡಿದರೆ ಏನು ಕೊಡುತ್ತೀರಿ ಎಂಬುದನ್ನು ಬರಹದಲ್ಲಿ ಕೇಳಿ. ನಿಜವಾದ ಸಂಬಳದ ನೌಕರಿಯಲ್ಲಿ ಹೆಚ್ಚಿನ ಪಾಳಿಗೆ ಗಂಟೆ ಲೆಕ್ಕದಲ್ಲಿ ಸ್ವಲ್ಪ ಹಣ ಸೇರಿಸಿ ಕೊಟ್ಟ ಮಾತ್ರಕ್ಕೆ ವಿನಾಯಿತಿ ಹೋಗುವುದಿಲ್ಲ, ಅದನ್ನು 541.604 ನಿಯಮ ಒಪ್ಪುತ್ತದೆ. ಆದ್ದರಿಂದ ಆ ದರವನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದೊಂದೇ ದಾರಿ.

ಆಮೇಲೆ, ರೋಗಿಗಳು ಕಡಿಮೆ ಇದ್ದ ದಿನ ಮನೆಗೆ ಕಳಿಸಿದರೆ ಸಂಬಳ ಕತ್ತರಿಸುತ್ತೀರಾ ಎಂದು ಕೇಳಿ. ನೀವು ಕೆಲಸಕ್ಕೆ ಸಿದ್ಧರಿದ್ದು, ಕೆಲಸ ಇಲ್ಲವೆಂದು ಅವರೇ ಕಳಿಸಿದ ದಿನಕ್ಕೆ ಸಂಬಳದ ನೌಕರಳಿಂದ ಕಡಿತ ಮಾಡುವಂತಿಲ್ಲ. ಅರ್ಧ ದಿನದ ರಜೆಗೂ ಸಾಮಾನ್ಯವಾಗಿ ಸಂಬಳದಿಂದ ಕಡಿತ ಸಲ್ಲದು. ಕತ್ತರಿಸುವುದೇ ಪದ್ಧತಿಯಾಗಿದ್ದರೆ ಆ ಸಂಬಳವು ಹೆಸರಿಗೆ ಮಾತ್ರ ಸಂಬಳ. ಹೆಚ್ಚು ದುಡಿದ ವಾರ ಸಂಬಳದವಳು, ಕಡಿಮೆ ದುಡಿದ ವಾರ ಗಂಟೆಯವಳು ಎಂದು ಎರಡೂ ಕಡೆಯಿಂದ ನಷ್ಟ ಹೊರಿಸಿದ ಕಡತಗಳನ್ನು ನಾನು ನನ್ನ ಮೇಜಿನ ಮೇಲೆಯೇ ನೋಡಿದ್ದೇನೆ.

ಎಲ್‌ಪಿಎನ್ ಅತ್ತಿಗೆ, ಮಿಷಿಗನ್

ನಾನು ಆರ್‌ಎನ್ ಅಲ್ಲ, ನರ್ಸಿಂಗ್ ಹೋಮಿನಲ್ಲಿ ಎಲ್‌ಪಿಎನ್ (ಆರ್‌ಎನ್‌ಗಿಂತ ಕಡಿಮೆ ಅವಧಿಯ ತರಬೇತಿಯ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್). ನಮ್ಮಲ್ಲಿ ಒಂದು ವಾರ 48 ಗಂಟೆ ಮಾಡಿದರೂ ಮರುವಾರ 32 ಕೊಟ್ಟು, "ಎರಡು ವಾರಕ್ಕೆ 80 ಆಯಿತು, ಓವರ್‌ಟೈಮ್ ಇಲ್ಲ" ಎನ್ನುತ್ತಾರೆ. ಇದು ಸರಿಯೇ?

ನಿವೃತ್ತ ಪೇರೋಲ್, ಇಲಿನಾಯ್

ಎಲ್‌ಪಿಎನ್‌ಗಳು ವೃತ್ತಿಪರ ವಿನಾಯಿತಿಗೆ ಸಾಮಾನ್ಯವಾಗಿ ಬರುವುದೇ ಇಲ್ಲ, ಆರ್‌ಎನ್‌ಗಳ ಬಗ್ಗೆ ಹೇಳುವ ಅದೇ ನಿಯಮದಲ್ಲಿ ಅದನ್ನೂ ಬರೆದಿದ್ದಾರೆ. ಆದರೆ ಆಸ್ಪತ್ರೆ ಮತ್ತು ನರ್ಸಿಂಗ್ ಹೋಂಗಳಿಗೆ ಮಾತ್ರ 8 ಮತ್ತು 80 ಎಂಬ ವಿಶೇಷ ಪದ್ಧತಿಯಿದೆ. ಕೆಲಸಕ್ಕೆ ಮೊದಲೇ ಒಪ್ಪಂದವಾಗಿದ್ದರೆ ವಾರದ 40ರ ಬದಲು 14 ದಿನಗಳ 80 ಗಂಟೆಯನ್ನು ಲೆಕ್ಕಕ್ಕೆ ಹಿಡಿಯಬಹುದು. ಅದರ ಇನ್ನೊಂದು ಮುಖವನ್ನು ಅವರು ನಿಮಗೆ ಹೇಳಿದರೇ? ಈ ಪದ್ಧತಿಯಲ್ಲಿ ಯಾವುದೇ ದಿನ ಎಂಟು ಗಂಟೆ ಮೀರಿದರೆ, ಮೀರಿದಷ್ಟಕ್ಕೂ ಒಂದೂವರೆ ಪಟ್ಟು ಕೊಡಬೇಕು. ಎಂಟೆಂಟು ಗಂಟೆಯ ಆರು ಪಾಳಿ ಮಾಡಿ 48 ಆಗಿದ್ದರೆ ಅವರು ಹೇಳಿದ್ದು ಸರಿ. ಹನ್ನೆರಡರ ನಾಲ್ಕು ಪಾಳಿ ಮಾಡಿ 48 ಆಗಿದ್ದರೆ ಪಾಳಿಗೆ ನಾಲ್ಕರಂತೆ 16 ಗಂಟೆಯ ಓವರ್‌ಟೈಮ್ ನಿಮಗೆ ಬಾಕಿ ಇದೆ.

ಎಲ್‌ಪಿಎನ್ ಅತ್ತಿಗೆ, ಮಿಷಿಗನ್

ಹನ್ನೆರಡರ ನಾಲ್ಕು ಪಾಳಿಯೇ ಸರ್. ನಾಳೆಯೇ ಕೇಳುತ್ತೇನೆ.

ಡೇಟನ್ ಅಣ್ಣ

ತೆರಿಗೆಯ ಕಡೆಯಿಂದ ಒಂದು ವಿಷಯ. 2025ರ ಜುಲೈನಲ್ಲಿ ಬಂದ ಕಾನೂನಿನಂತೆ 2025ರಿಂದ 2028ರವರೆಗೆ ಓವರ್‌ಟೈಮಿನ ಹೆಚ್ಚುವರಿ ಅರ್ಧ ಭಾಗವನ್ನು ವರ್ಷಕ್ಕೆ 12,500 ಡಾಲರಿನವರೆಗೆ, ದಂಪತಿ ಒಟ್ಟಿಗೆ ಸಲ್ಲಿಸಿದರೆ 25,000ದವರೆಗೆ, ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಬಹುದು. ಆದಾಯ ಒಂದೂವರೆ ಲಕ್ಷ, ದಂಪತಿಗೆ ಮೂರು ಲಕ್ಷ ದಾಟಿದ ಮೇಲೆ ಇದು ಕರಗುತ್ತಾ ಹೋಗುತ್ತದೆ. ಇದು ಫೆಡರಲ್ ಕಾನೂನಿನ 7ನೇ ಸೆಕ್ಷನ್ ಕೊಡಲೇಬೇಕೆಂದ ಓವರ್‌ಟೈಮಿಗೆ ಮಾತ್ರ. ಮಾಲೀಕರು ವಿನಾಯಿತಿಯಲ್ಲಿರುವ ನರ್ಸ್‌ಗೆ ಇಷ್ಟಪಟ್ಟು ಕೊಟ್ಟದ್ದಕ್ಕೂ, ಕ್ಯಾಲಿಫೋರ್ನಿಯಾದ ದಿನದ ಎಂಟು ಗಂಟೆಯ ಲೆಕ್ಕದಲ್ಲಿ ಮಾತ್ರ ಬಂದದ್ದಕ್ಕೂ ಅನ್ವಯಿಸದು. ಎಕ್ಸೆಂಪ್ಟ್ ಎಂಬ ಪದ ಈಗ ತೆರಿಗೆಯ ಕಡೆಯಿಂದಲೂ ನಷ್ಟ ತರುತ್ತಿದೆ.

ಹಾಸನದ ಸಿಸ್ಟರ್, ಒಹಾಯೋ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ನನ್ನ ಕ್ಯಾಲೆಂಡರ್, ಕಾರಿನ ಮೈಲೇಜ್ ಪುಸ್ತಕ ಮತ್ತು ಪೇ ಸ್ಟಬ್‌ಗಳನ್ನು ಇಟ್ಟುಕೊಂಡು ವಾರವಾರದ ಗಂಟೆಗಳನ್ನು ಒಂದು ಹಾಳೆಯಲ್ಲಿ ಬರೆದೆ. ಕೆಲವು ವಾರ 43, ಕೆಲವು 54. 40ರ ಒಳಗೆ ಉಳಿದ ವಾರಗಳನ್ನು ಹಾಗೆಯೇ ಬರೆದಿದ್ದೇನೆ. ಎಚ್‌ಆರ್‌ಗೆ ವಿನಯವಾಗಿ, ಬರಹದಲ್ಲಿ, ಎಲ್ವೆಲ್ ತೀರ್ಪಿನ ಹೆಸರು ಹೇಳಿ ವಿವರಣೆ ಕೇಳಿದೆ. "ಪರಿಶೀಲಿಸುತ್ತೇವೆ" ಎಂಬ ಒಂದು ಸಾಲಿನ ಉತ್ತರ ಬಂದಿದೆ. ಜೊತೆಯ ಇಬ್ಬರು ನರ್ಸ್‌ಗಳು ತಮ್ಮ ಪೇ ಸ್ಟಬ್ ತೋರಿಸಿದರು, ಅವರದೂ ಇದೇ ಕಥೆ.

ಮನೆಯವರಿಗೆ ಭಯ. ದೂರು ಕೊಟ್ಟರೆ ಕೆಲಸ ಹೋದೀತು, ಪೌರತ್ವದ ಅರ್ಜಿಗೆ ತೊಂದರೆಯಾದೀತು ಎನ್ನುತ್ತಾರೆ. ಪರಿಶೀಲನೆ ಮುಗಿಯುವವರೆಗೆ ಇನ್ನೂ ಒಂದಷ್ಟು ತಿಂಗಳು ಕಾಯೋಣ ಎಂಬುದು ಅವರ ಅಭಿಪ್ರಾಯ.

ನಿವೃತ್ತ ಪೇರೋಲ್, ಇಲಿನಾಯ್

ಭಯಪಡುವುದು ಸಹಜ ತಂಗಿ, ಅವರನ್ನು ಬೇಸರಿಸಿಕೊಳ್ಳಬೇಡಿ. ಕೂಲಿಯ ಬಗ್ಗೆ ದೂರು ಕೊಟ್ಟವರನ್ನು ಕೆಲಸದಿಂದ ತೆಗೆಯುವುದನ್ನಾಗಲಿ, ಕಿರುಕುಳ ಕೊಡುವುದನ್ನಾಗಲಿ ಈ ಕಾನೂನಿನ 15ನೇ ಸೆಕ್ಷನ್ ನಿಷೇಧಿಸಿದೆ. ನಿಮ್ಮ ಗ್ರೀನ್ ಕಾರ್ಡ್ ನಿಮ್ಮದು, ಅದು ಈ ಸಂಸ್ಥೆಯ ಕೈಯಲ್ಲಿಲ್ಲ. ಬಾಕಿ ಕೂಲಿ ಕೇಳುವುದು ಅಪರಾಧವೂ ಅಲ್ಲ, ಪೌರತ್ವದ ಅರ್ಜಿಯಲ್ಲಿ ಅದನ್ನು ಕೇಳುವ ಪ್ರಶ್ನೆಯೂ ಇಲ್ಲ. ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ಡಿವಿಷನ್‌ಗೆ ದೂರು ಕೊಟ್ಟರೆ ಹೆಸರನ್ನು ಗುಟ್ಟಾಗಿ ಇಡುತ್ತಾರೆ, ಅದಕ್ಕೆ ಶುಲ್ಕವಿಲ್ಲ. ವಿನಾಯಿತಿ ಅನ್ವಯಿಸುತ್ತದೆ ಎಂದು ಸಾಬೀತುಪಡಿಸಬೇಕಾದವರೂ ಮಾಲೀಕರೇ. ಆ ಹೊಣೆ ಮಾಲೀಕರದೆಂಬುದನ್ನು ಸುಪ್ರೀಂ ಕೋರ್ಟ್ 2025ರ ಜನವರಿಯ ತೀರ್ಪಿನಲ್ಲಿಯೂ ಒಪ್ಪಿಕೊಂಡಿದೆ.

ಕಾಯುವ ವಿಷಯದಲ್ಲಿ ಮಾತ್ರ ಮನೆಯವರಿಗೆ ಈ ಲೆಕ್ಕವನ್ನು ತೋರಿಸಿ. ನ್ಯಾಯಾಲಯದಲ್ಲಿ ದಾವೆ ಹೂಡಿದ ದಿನದಿಂದ ಹಿಂದಕ್ಕೆ ಎರಡು ವರ್ಷದ ಬಾಕಿಯನ್ನು ಮಾತ್ರ ಕೇಳಬಹುದು. ಗೊತ್ತಿದ್ದೂ ತಪ್ಪಿಸಿದರೆಂದು ತೋರಿಸಿದರೆ ಮೂರು ವರ್ಷ. ಎಚ್‌ಆರ್ ಪರಿಶೀಲಿಸುತ್ತಿರುವಾಗ ಈ ಗಡಿಯಾರ ನಿಲ್ಲುವುದಿಲ್ಲ, ಇಲಾಖೆಗೆ ದೂರು ಕೊಟ್ಟ ಮಾತ್ರಕ್ಕೂ ನಿಲ್ಲುವುದಿಲ್ಲ. ನೀವು ಸೇರಿ ಎರಡು ವರ್ಷ ಎರಡು ತಿಂಗಳಾಯಿತೆಂದು ಮೊದಲೇ ಬರೆದಿದ್ದಿರಿ, ಅದಾಗಿ ಮೂರು ವಾರ ಕಳೆಯಿತು. ಎರಡು ವರ್ಷದ ಮಿತಿಯಂತೆ ನೋಡಿದರೆ ನಿಮ್ಮ ಹಾಳೆಯ ಮೇಲ್ತುದಿಯಿಂದ ಹನ್ನೊಂದು ಹನ್ನೆರಡು ವಾರಗಳು ಆಗಲೇ ಕೈಬಿಟ್ಟಿವೆ, ಪ್ರತಿ ಸಂಬಳದ ದಿನವೂ ಇನ್ನಷ್ಟು ಬಿಡುತ್ತವೆ. ಆ ಇಬ್ಬರು ನರ್ಸ್‌ಗಳಿಗೂ ಲೆಕ್ಕ ಹಾಗೆಯೇ, ಮತ್ತು ದಾವೆಗೆ ಸೇರುವ ಅವರವರ ಒಪ್ಪಿಗೆ ಪತ್ರ ನ್ಯಾಯಾಲಯಕ್ಕೆ ಸಲ್ಲುವ ದಿನದಿಂದಲೇ ಅವರವರ ಎರಡು ವರ್ಷ ಹಿಂದಕ್ಕೆ ಎಣಿಸುತ್ತಾರೆ. ಈ ವಾರವೇ ಮೂವರೂ ಒಟ್ಟಿಗೆ ಹೋಗಿ, ಕೂಲಿ ಪ್ರಕರಣಗಳನ್ನು ನಡೆಸುವ ವಕೀಲರೊಬ್ಬರನ್ನು ಕಂಡು ಬನ್ನಿ.